ಒಂಟೆ, ಕುದುರೆ ಮತ್ತು ಎಚ್8ರಿಂದ ಎ8ರವರೆಗಿನ ದಾರಿ

ಚೆಸ್ ಕಲಿಸುವವರ ನಡುವೆ ಹಳೆಯ ಜಗಳವೊಂದಿದೆ. ಒಂಟೆ ಮತ್ತು ಕುದುರೆ ಸೇರಿಕೊಂಡು ಒಂಟಿ ರಾಜನಿಗೆ ಮೇಟ್ (ತಪ್ಪಿಸಿಕೊಳ್ಳಲಾಗದ ಚೆಕ್) ಕೊಡುವುದನ್ನು ಮಕ್ಕಳಿಗೆ ಹೇಳಿಕೊಡಬೇಕೋ ಬೇಡವೋ? ಬೇಡ ಅನ್ನುವವರ ವಾದ ಗಟ್ಟಿಯಾಗಿಯೇ ಇದೆ. ಸಾವಿರಾರು ಆಟಗಳಲ್ಲಿ ಎಲ್ಲೋ ಒಮ್ಮೆ ಬರುವ ಎಂಡ್‌ಗೇಮ್ (ಕೆಲವೇ ಕಾಯಿಗಳು ಉಳಿದ ಕೊನೆಯ ಘಟ್ಟ) ಇದು. ಇಡೀ ಜೀವಮಾನ ಟೂರ್ನಮೆಂಟ್ ಆಡಿಯೂ ಒಮ್ಮೆಯೂ ಇದನ್ನು ಎದುರಿಸದೆ ಹೋದವರು ಬೇಕಾದಷ್ಟು ಜನ. ಅದೇ ಸಮಯವನ್ನು ಆನೆ ಮತ್ತು ಪಾನ್‌ಗಳ (ಕಾಲಾಳುಗಳ) ಎಂಡ್‌ಗೇಮಿಗೆ ಕೊಟ್ಟರೆ ಮುಂದಿನ ಟೂರ್ನಮೆಂಟಿನಲ್ಲೇ ಅರ್ಧ ಪಾಯಿಂಟ್ ಹೆಚ್ಚು ಬಂದೀತು.

ನಾನು ಬೇಕು ಅನ್ನುವವರ ಪೈಕಿ. ಇದು ನಾಳೆಯೇ ಬೋರ್ಡಿನ ಮೇಲೆ ಬರುತ್ತದೆ ಎಂಬ ಭರವಸೆಯಿಂದ ಹೇಳುತ್ತಿಲ್ಲ. ಚೆಸ್ ಕಾಯಿಗಳ ನಿಜವಾದ ಕೆಲಸ ಹೊಡೆಯುವುದಲ್ಲ, ಮನೆಗಳನ್ನು ಕಾಯುವುದು. ಈ ಮಾತನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ, ಆದರೆ ಅದು ಕಣ್ಣಿಗೆ ಕಾಣುವುದು ಈ ಎಂಡ್‌ಗೇಮಿನಲ್ಲಿ. ಮೂರು ಕಾಯಿಗಳು, ಅರವತ್ತನಾಲ್ಕು ಮನೆಗಳು, ಹೊಡೆಯಲು ಏನೂ ಇಲ್ಲ. ಉಳಿದದ್ದು ಯಾವ ಮನೆ ಯಾರ ಕೈಯಲ್ಲಿದೆ ಅನ್ನುವ ಲೆಕ್ಕ ಮಾತ್ರ.

ಅಪರೂಪ ಅನ್ನುವ ಮಾತಿನ ಬಗ್ಗೆಯೂ ನನ್ನದೊಂದು ತಕರಾರಿದೆ. ಇದು ಹುಟ್ಟುವುದು ಸಾಮಾನ್ಯವಾಗಿ ಹೀಗೆ: ನಿಮ್ಮ ಬಳಿ ಒಂಟೆ, ಕುದುರೆ, ಒಂದೇ ಒಂದು ಪಾನ್ ಉಳಿದಿದೆ. ಎದುರಾಳಿಯ ಬಳಿ ಒಂದು ಕಾಯಿ. ಅವನು ಆ ಕಾಯಿಯನ್ನೇ ಬಲಿಕೊಟ್ಟು ನಿಮ್ಮ ಕೊನೆಯ ಪಾನ್ ಹೊಡೆದುಹಾಕುತ್ತಾನೆ, 'ಈಗ ಮೇಟ್ ಮಾಡಿ ತೋರಿಸು' ಅನ್ನುವ ಹಾಗೆ. ಮೇಟ್ ಬರುತ್ತದೆ ಎಂದು ಗೊತ್ತಿರುವವರು ಆ ಬಲಿಗೆ ಹೆದರುವುದಿಲ್ಲ, ಪಾನನ್ನು ನಿರಾಳವಾಗಿ ಮುಂದೆ ತಳ್ಳುತ್ತಾರೆ. ಗೊತ್ತಿಲ್ಲದವರು ಪಾನ್ ಉಳಿಸಿಕೊಳ್ಳಲು ಹತ್ತು ನಡೆ ಹಿಂದಿನಿಂದಲೇ ಸುತ್ತಿ ಬಳಸಿ ಆಡುತ್ತಾರೆ, ಅಲ್ಲೇ ಎಲ್ಲೋ ಗೆಲುವು ಜಾರಿಹೋಗುತ್ತದೆ. ಅಂಥ ಆಟಗಳು ಈ ಎಂಡ್‌ಗೇಮಿನ ಲೆಕ್ಕದಲ್ಲಿ ಸೇರುವುದೇ ಇಲ್ಲ.

ಮೊದಲು ಅಳತೆಗಳು. ಎರಡೂ ಕಡೆ ತಪ್ಪಿಲ್ಲದೆ ಆಡಿದರೆ, ಎಷ್ಟೇ ಕೆಟ್ಟ ಸ್ಥಿತಿಯಿಂದ ಶುರುವಾದರೂ ರಾಣಿ 10 ನಡೆಯೊಳಗೆ ಮೇಟ್ ಮಾಡುತ್ತದೆ. ಆನೆಗೆ 16 ನಡೆ ಬೇಕು. ಎರಡು ಒಂಟೆಗಳಿಗೆ 19. ಒಂಟೆ ಮತ್ತು ಕುದುರೆಗೆ 33. ಎರಡು ಕುದುರೆಗಳು ಒಂಟಿ ರಾಜನನ್ನು ಬಲವಂತದಿಂದ ಮೇಟ್ ಮಾಡಲಾರವು. ಅಂದರೆ ಗೆಲ್ಲಬಹುದಾದ ಮೂಲ ಮೇಟ್‌ಗಳಲ್ಲಿ ನಮ್ಮದೇ ಕೊನೆಯ ಮೆಟ್ಟಿಲು. ಮೇಲೆ ಐವತ್ತು ನಡೆಗಳ ನಿಯಮ ಕೂತಿದೆ. ಯಾವ ಕಾಯಿಯೂ ಹೊಡೆಯದೆ, ಯಾವ ಪಾನೂ ಮುಂದೆ ಹೋಗದೆ ಎರಡೂ ಕಡೆಯಿಂದ ತಲಾ 50 ನಡೆ ಕಳೆದರೆ ಎದುರಾಳಿ ಡ್ರಾ ಕೇಳಬಹುದು. 50ರಲ್ಲಿ 33 ಕಳೆದರೆ 17. ಅತಿ ಕೆಟ್ಟ ಸ್ಥಿತಿಯಿಂದ ಹೊರಟವರಿಗೆ ಅಡ್ಡಾಡಲು ಇರುವುದು ಅಷ್ಟೇ. ಕೇಳಲು ಬಹಳ ಅನ್ನಿಸಬಹುದು. ದಾರಿ ಗೊತ್ತಿಲ್ಲದವರಿಗೆ ಅದು ಬೋರ್ಡಿನ ನಡುವೆಯೇ ಖರ್ಚಾಗಿಬಿಡುತ್ತದೆ.

ಈಗ ಮೂಲೆಯ ವಿಷಯ. ಮನೆಗಳ ಹೆಸರು ಹೀಗೆ: ಬಿಳಿಯವರ ಎಡದಿಂದ ಬಲಕ್ಕೆ ಕಂಬಸಾಲುಗಳು ಎಯಿಂದ ಎಚ್, ಅವರ ಕಡೆಯಿಂದ ಮೇಲಕ್ಕೆ ಅಡ್ಡಸಾಲುಗಳು 1ರಿಂದ 8. ಬಿಳಿಯವರ ಒಂಟೆ ಬಿಳಿ ಮನೆಗಳಲ್ಲಿ ಓಡಾಡುವುದು ಅಂದುಕೊಳ್ಳೋಣ. ಹಾಗಿದ್ದರೆ ಬಲವಂತದ ಮೇಟ್ ಆಗುವುದು ಬಿಳಿ ಮೂಲೆಗಳ ಬಳಿ, ಎ8 ಅಥವಾ ಎಚ್1ರ ಹತ್ತಿರ ಮಾತ್ರ. ಯಾಕೆ? ಎ8ರಲ್ಲಿ ಸಿಕ್ಕಿಬಿದ್ದ ರಾಜನಿಗೆ ಕೊನೆಯ ಚೆಕ್ ಕೊಡಬಲ್ಲದ್ದು ಒಂಟೆ. ಬಿಳಿ ರಾಜ ಬಿ6ರಲ್ಲಿ ನಿಂತು ಎ7, ಬಿ7 ಎರಡನ್ನೂ ಕಾಯುತ್ತಾನೆ. ಕುದುರೆ ಎ6ರಿಂದ ಬಿ8ನ್ನು ಮುಚ್ಚುತ್ತದೆ. ಒಂಟೆ ಸಿ6ಕ್ಕೆ ಬಂದರೆ ಮುಗಿಯಿತು. ಮೂವರಿಗೂ ಒಂದೊಂದು ಕೆಲಸ, ಒಬ್ಬರೂ ದಂಡವಲ್ಲ.

ಅದೇ ರಾಜ ಎಚ್8ರ ಕಪ್ಪು ಮೂಲೆಯಲ್ಲಿ ಕೂತರೆ ಒಂಟೆ ಅವನನ್ನು ಮುಟ್ಟಲಾರದು. ಚೆಕ್ ಕೊಡುವ ಹೊಣೆ ಕುದುರೆಯ ಮೇಲೆ ಬೀಳುತ್ತದೆ. ಅಲ್ಲಿ ಮೇಟ್ ಚಿತ್ರವೇ ಇಲ್ಲ ಅಂತಲ್ಲ. ಬಿಳಿ ರಾಜ ಜಿ6, ಕುದುರೆ ಜಿ5, ಕಪ್ಪು ರಾಜ ಜಿ8. ಒಂಟೆ ಎಚ್7ಕ್ಕೆ ಬಂದು ಚೆಕ್ ಕೊಟ್ಟಾಗ ರಾಜ ಎಚ್8ಕ್ಕೆ ಹೋದರೆ ಕುದುರೆ ಎಫ್7ಕ್ಕೆ ಹಾರಿ ಮೇಟ್ ಮಾಡುತ್ತದೆ. ಆದರೆ ಅವನಿಗೆ ಎಫ್8 ತೆರೆದೇ ಇದೆ, ಅಲ್ಲಿಗೆ ಜಾರಿದರೆ ಏನೂ ಆಗಲಿಲ್ಲ. ತಪ್ಪು ಮೂಲೆಯಲ್ಲಿ ಮೇಟ್ ಆಗಬೇಕಾದರೆ ಎದುರಾಳಿಯ ಸಹಾಯ ಬೇಕು.

ಇದು ತಿಳಿದ ಎದುರಾಳಿ ಏನು ಮಾಡುತ್ತಾನೆ? ಮೊದಲು ಬೋರ್ಡಿನ ನಡುವೆ ನಿಲ್ಲುತ್ತಾನೆ. ಅಲ್ಲಿಂದ ತಳ್ಳಿದಾಗ ನೇರ ತಪ್ಪು ಮೂಲೆಗೆ ಓಡುತ್ತಾನೆ. ಹಾಗಾಗಿ ಈ ಎಂಡ್‌ಗೇಮಿನ ಹೃದಯ ಇರುವುದು ಒಂದೇ ಪ್ರಶ್ನೆಯಲ್ಲಿ: ಎಚ್8ರಲ್ಲಿ ಅವಿತ ರಾಜನನ್ನು ಎಂಟನೇ ಸಾಲಿನುದ್ದಕ್ಕೂ ಎ8ರವರೆಗೆ ಕರೆದೊಯ್ಯುವುದು ಹೇಗೆ?

ಉತ್ತರ 18ನೇ ಶತಮಾನದ್ದು. ಫ್ರಾನ್ಸಿನ ಫಿಲಿಡೋರ್, 1726ರಲ್ಲಿ ಹುಟ್ಟಿದವನು, ಒಪೆರಾ ಸಂಗೀತ ಸಂಯೋಜಕ. ಚೆಸ್ ಬಗ್ಗೆ ಅವನು ಬರೆದ ಪುಸ್ತಕ 1749ರಲ್ಲಿ ಬಂತು. ಪಾನ್‌ಗಳೇ ಚೆಸ್ಸಿನ ಜೀವಾಳ ಎಂದು ಜಗತ್ತಿಗೆ ಸಾರಿದವನು ಅವನು. ಒಂದೇ ಒಂದು ಪಾನ್ ಕೂಡ ಇಲ್ಲದ ಈ ಬರಿದಾದ ಬೋರ್ಡಿನಲ್ಲಿ ನಮಗೆ ದಾರಿ ತೋರಿಸಿದವನೂ ಅವನೇ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಆ ದಾರಿಯಲ್ಲಿ ಕುದುರೆ ಎಫ್7, ಇ5, ಡಿ7, ಸಿ5, ಬಿ7 ಎಂದು ಮೇಲೆ ಕೆಳಗೆ ಹಾರುತ್ತಾ ಸಾಗುತ್ತದೆ. ಗೆರೆ ಎಳೆದರೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರ. ಅದಕ್ಕೇ ಎಲ್ಲರೂ ಇದನ್ನು ಡಬ್ಲ್ಯೂ ದಾರಿ ಅನ್ನುತ್ತಾರೆ.

ಡಬ್ಲ್ಯೂ ನೆನಪಿಟ್ಟುಕೊಂಡರೆ ಸಾಕು ಎಂದು ಹಲವರು ಹೇಳಿಕೊಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ಅಕ್ಷರ ಯಾಕೆ ಹುಟ್ಟಿತು ಎಂದು ನೋಡದಿದ್ದರೆ, ಎದುರಾಳಿ ಒಂದು ಮನೆ ಪಕ್ಕಕ್ಕೆ ಸರಿದರೂ ಬಾಯಿಪಾಠ ತಪ್ಪಿಹೋಗುತ್ತದೆ. ಕುದುರೆಯ ಸ್ವಭಾವ ನೋಡಿ. ಪ್ರತಿ ಸಲ ಹಾರಿದಾಗಲೂ ಅದು ಮನೆಯ ಬಣ್ಣ ಬದಲಿಸುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕುದುರೆಯೊಂದನ್ನೇ ಬೋರ್ಡಿನ ಎಲ್ಲ ಮನೆಗಳಿಗೂ ಒಂದೊಂದು ಸಲ ಹಾರಿಸುವ ಸುತ್ತುಗಳನ್ನು ರಚಿಸುತ್ತಿದ್ದರಲ್ಲ, ಅಲ್ಲಿಯೂ ಬಿಳಿ, ಕಪ್ಪು, ಬಿಳಿ, ಕಪ್ಪು ಎಂಬ ಈ ಸರದಿ ಒಂದು ಕಡೆಯೂ ತಪ್ಪುವುದಿಲ್ಲ. ಬಿಳಿ ಮನೆಯಲ್ಲಿ ನಿಂತ ಕುದುರೆ ಕಾಯುವುದು ಕಪ್ಪು ಮನೆಗಳನ್ನು ಮಾತ್ರ. ನಮ್ಮ ಒಂಟೆ ಬಿಳಿ ಮನೆಗಳನ್ನು ಕಾಯುತ್ತದೆ. ಅಂದರೆ ಕುದುರೆ ತನ್ನ ಒಂಟೆಯ ಬಣ್ಣದ ಮನೆಯಲ್ಲೇ ನಿಂತಾಗ ಇಬ್ಬರ ಕೆಲಸ ಎಲ್ಲೂ ಒಂದರ ಮೇಲೊಂದು ಬೀಳುವುದಿಲ್ಲ. ಡಬ್ಲ್ಯೂನ ಮೇಲಿನ ಮೂರು ತುದಿಗಳಾದ ಎಫ್7, ಡಿ7, ಬಿ7 ಮೂರೂ ಬಿಳಿ ಮನೆಗಳು. ಕೆಳಗಿನ ಇ5, ಸಿ5 ಕಪ್ಪು. ಅವು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಾಗಿನ ಮಧ್ಯದ ಹೆಜ್ಜೆಗಳು. ಅಕ್ಷರ ಹುಟ್ಟಿದ್ದು ಹೀಗೆ.

ಬೋರ್ಡ್ ಹತ್ತಿರವಿದ್ದರೆ ಕಾಯಿಗಳನ್ನು ಜೋಡಿಸಿಕೊಳ್ಳಿ. ಬಿಳಿ ರಾಜ ಎಫ್6, ಕುದುರೆ ಎಫ್7, ಒಂಟೆ ಇ4. ಕಪ್ಪು ರಾಜ ಜಿ8. ನಡೆ ಬಿಳಿಯವರದು.

ಇಲ್ಲಿ ಮೊದಲ ಪಾಠ ಕಾದು ನೋಡುವುದು. ಕಪ್ಪು ರಾಜನಿಗೆ ಹೋಗಲು ಇರುವುದು ಎಫ್8 ಒಂದೇ. ಅವನು ಅಲ್ಲಿಗೆ ಹೋಗಲಿ ಅನ್ನುವುದೇ ನಮ್ಮ ಆಸೆ, ಆದರೆ ನಡೆಯ ಸರದಿ ನಮ್ಮದು. ಕುದುರೆಗೆ ಸುಮ್ಮನಿರುವ ವಿದ್ಯೆ ಬಾರದು, ಹಾರಿದರೆ ಅದು ಕಾಯುತ್ತಿದ್ದದ್ದೆಲ್ಲ ಕೈಬಿಡುತ್ತದೆ. ಒಂಟೆಗೆ ಆ ವಿದ್ಯೆ ಗೊತ್ತು. ಎಫ್5ಕ್ಕೆ ಒಂದು ಹೆಜ್ಜೆ ಇಡುತ್ತದೆ, ಎಚ್7 ಇನ್ನೂ ಅದರ ಹಿಡಿತದಲ್ಲೇ. ಏನೂ ಬದಲಾಗಲಿಲ್ಲ, ಸರದಿ ಮಾತ್ರ ಬದಲಾಯಿತು. ರಾಜ ಎಫ್8ಕ್ಕೆ ಹೋಗಲೇಬೇಕು. ಕೂಡಲೇ ಒಂಟೆ ಎಚ್7ಕ್ಕೆ ಬಂದು ಜಿ8ರ ಬಾಗಿಲು ಹಾಕುತ್ತದೆ. ರಾಜನಿಗೆ ಈಗ ಇ8 ಒಂದೇ ದಾರಿ, ಅಲ್ಲಿಗೇ ಹೋಗುತ್ತಾನೆ.

ಇನ್ನು ಬರುವುದು ನನ್ನ ಮಟ್ಟಿಗೆ ಇಡೀ ಚೆಸ್ಸಿನ ಮೂಲಪಾಠಗಳಲ್ಲೇ ಅತಿ ಸುಂದರವಾದ ನಡೆ. ಕುದುರೆ ಎಫ್7ರಿಂದ ಇ5ಕ್ಕೆ ಇಳಿಯುತ್ತದೆ.

ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಇಷ್ಟು ಕಷ್ಟಪಟ್ಟು ಅಂಚಿಗೆ ಒತ್ತಿದ ರಾಜನಿಗೆ ಡಿ8 ತೆರೆದಿದೆ. ಅಲ್ಲಿಂದ ಸಿ7, ಅಲ್ಲಿಂದಾಚೆ ರಾಣಿ ಕಡೆಯ ಬಯಲು. ಕೈಗೆ ಬಂದದ್ದನ್ನು ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ. ಕಲಿಯುವವರು ಎಡವುವುದು ಇಲ್ಲೇ. ಹೆದರಿ ಕುದುರೆಯನ್ನೋ ರಾಜನನ್ನೋ ಹಿಂದಕ್ಕೆಳೆದು ಬಾಗಿಲು ಮುಚ್ಚಲು ಹೋಗುತ್ತಾರೆ, ಕಪ್ಪು ರಾಜ ಸಲೀಸಾಗಿ ತನ್ನ ತಪ್ಪು ಮೂಲೆಗೆ ಮರಳುತ್ತಾನೆ.

ಅವನು ಓಡಲಿ. ಡಿ8ಕ್ಕೆ ಹೋದ. ಬಿಳಿ ರಾಜ ಇ6ಕ್ಕೆ. ಅವನು ಸಿ7ಕ್ಕೆ, ಅಂಚು ಬಿಟ್ಟು ಹೊರಗೇ ಬಂದುಬಿಟ್ಟ. ಕುದುರೆ ಡಿ7ಕ್ಕೆ ಹಾರುತ್ತದೆ, ತನ್ನ ರಾಜನ ಪಕ್ಕಕ್ಕೆ. ಅವನು ಬಿ7ಕ್ಕೆ. ಈಗ ಅಷ್ಟು ದೂರ ಎಚ್7ರಲ್ಲಿ ಒಂಟಿಯಾಗಿ ಕೂತಿದ್ದ ಒಂಟೆ ಕರ್ಣದುದ್ದ ಜಾರಿ ಡಿ3ಕ್ಕೆ ಬಂದು ನಿಲ್ಲುತ್ತದೆ. ಚೆಕ್ ಇಲ್ಲ, ಬೆದರಿಕೆ ಇಲ್ಲ. ಸುಮ್ಮನೆ ನಿಂತಿದೆ.

ಒಂದು ನಿಮಿಷ ಬೋರ್ಡನ್ನು ಹೀಗೇ ಬಿಟ್ಟು ಮನೆ ಮನೆ ಎಣಿಸಿ. ರಾಜ ಕೆಳಕ್ಕೆ ಬರಬೇಕೆಂದರೆ ಎ6 ಇದೆ, ಅದು ಒಂಟೆಯದು. ಬಿ6 ಕುದುರೆಯದು. ಸಿ6 ಮಾತ್ರ ಖಾಲಿ. ಸರಿ, ಸಿ6ಕ್ಕೇ ಬಂದ ಅನ್ನಿ. ಅಲ್ಲಿಂದ ಮುಂದೆ? ಬಿ5 ಒಂಟೆಯದು. ಸಿ5 ಕುದುರೆಯದು, ಬಿ6 ಕೂಡ. ಡಿ5, ಡಿ6 ಬಿಳಿ ರಾಜನವು. ಡಿ7ರ ಕುದುರೆಯನ್ನು ಹೊಡೆಯೋಣವೆಂದರೆ ಅದಕ್ಕೆ ರಾಜನ ಕಾವಲಿದೆ. ಬಯಲು ಅಂದುಕೊಂಡದ್ದಕ್ಕೆ ನಾಲ್ಕೂ ಕಡೆ ಗೋಡೆ. ಆ ಗೋಡೆಗಳನ್ನು ಕಟ್ಟಿದ ಮೂವರಲ್ಲಿ ಒಬ್ಬರೂ ಅವನ ಮೈಮೇಲೆ ಬಿದ್ದಿಲ್ಲ, ಒಂಟೆಯಂತೂ ಮೂರು ಮನೆ ದೂರದಲ್ಲಿದೆ. ದನ ಕೂಡುವವರಿಗೆ ಇದು ಗೊತ್ತು: ಬೆನ್ನ ಹಿಂದೆ ಓಡಿದರೆ ಹಸು ಇಡೀ ಊರು ಸುತ್ತಿಸುತ್ತದೆ, ಅದು ಹೋಗಬಾರದ ಓಣಿಗಳ ಬಾಯಲ್ಲಿ ನಿಂತರೆ ತಾನೇ ಕೊಟ್ಟಿಗೆಯ ಕಡೆ ತಿರುಗುತ್ತದೆ.

ಒಂಟೆ ಈಗ ಎ6ಕ್ಕೆ ಹೋಗಿ ಬಿ7ನ್ನೂ ಕಸಿದುಕೊಳ್ಳುತ್ತದೆ. ರಾಜನಿಗೆ ಸಿ7 ಬಿಟ್ಟು ಗತಿಯಿಲ್ಲ. ಒಂಟೆ ಬಿ5ಕ್ಕೆ ಮರಳಿ ಸಿ6ನ್ನು ಮುಚ್ಚುತ್ತದೆ. ಓಡಿಹೋದ ರಾಜ ಮತ್ತೆ ಒಳಗೆ, ಅದೂ ಎಚ್8ರಿಂದ ದೂರವಾಗಿ, ಎ8ರ ಮಗ್ಗುಲಲ್ಲಿ. ಮುಂದೆ ಕೆಲಸ ಬಾಕಿಯಿದ್ದರೂ ಆತಂಕ ಇಲ್ಲ. ಇನ್ನು ಪ್ರತಿ ಜೋಡಿಯಲ್ಲಿ ಮೊದಲನೆಯದು ಕಪ್ಪು ರಾಜನ ನಡೆ, ಎರಡನೆಯದು ಬಿಳಿಯವರದು. ಡಿ8, ಕುದುರೆ ಬಿ6. ಸಿ7, ಕುದುರೆ ಡಿ5ರಿಂದ ಚೆಕ್. ಡಿ8, ಬಿಳಿ ರಾಜ ಡಿ6. ಸಿ8, ರಾಜ ಇ7. ಬಿ7, ರಾಜ ಡಿ7. ಬಿ8, ಒಂಟೆ ಎ6. ಎ7, ಒಂಟೆ ಸಿ8. ಬಿ8, ಕುದುರೆ ಬಿ4. ಎ7, ರಾಜ ಸಿ7. ಎ8, ಒಂಟೆ ಬಿ7ರಿಂದ ಚೆಕ್. ಎ7, ಕುದುರೆ ಸಿ6. ಮೇಟ್. ಕೊನೆಯ ಚೆಕ್ ಇಲ್ಲಿ ಕುದುರೆಯದಾಯಿತು, ರಾಜ ಮೂಲೆಯ ಪಕ್ಕದ ಮನೆಯಲ್ಲಿದ್ದಾನೆ. ಆದರೆ ಎ8ನ್ನು ಕಾಯುತ್ತಿರುವುದು ಬಿ7ರ ಒಂಟೆಯೇ.

ಇನ್ನು, ಕುದುರೆ ಇ5ಕ್ಕೆ ಇಳಿದಾಗ ರಾಜ ಓಡದೆ ಎಫ್8ಕ್ಕೆ ಹಿಂದಿರುಗಿದರೆ ಕುದುರೆ ಡಿ7ರಿಂದ ಚೆಕ್ ಕೊಡುತ್ತದೆ. ಆಗಲೇ ಆ ಅಕ್ಷರ ಪೂರ್ತಿಯಾಗುವುದು, ಸಿ5, ಬಿ7 ಎಂದು ಮುಂದುವರಿದು. ಅದು ಸುಲಭದ ದಾರಿ, ಬೇಗ ಕಲಿಯಬಹುದು.

ಫಿಲಿಡೋರನ ದಾರಿಗೆ ಪ್ರತಿಸ್ಪರ್ಧಿಯಾಗಿ ಇನ್ನೊಂದು ಪದ್ಧತಿ ಇದೆ. 1923ರಲ್ಲಿ ಡೆಲೆಟಾಂಗ್ ಎಂಬಾತ ಫ್ರಾನ್ಸಿನ ಚೆಸ್ ಪತ್ರಿಕೆ 'ಲಾ ಸ್ಟ್ರಾಟೆಜಿ'ಯಲ್ಲಿ ಪ್ರಕಟಿಸಿದ ತ್ರಿಕೋನಗಳ ಪದ್ಧತಿ. ಒಂಟೆ ಒಂದು ಉದ್ದ ಕರ್ಣವನ್ನು ಹಿಡಿದು ರಾಜನನ್ನು ದೊಡ್ಡ ತ್ರಿಕೋನದೊಳಗೆ ಕೂಡಿಹಾಕುತ್ತದೆ. ಎ8ರ ಮೂಲೆಗಾದರೆ ಎ2ರಿಂದ ಜಿ8ರ ಕರ್ಣ. ಅಲ್ಲಿಂದ ಎ4ರಿಂದ ಇ8ರ ಕರ್ಣದ ಮಧ್ಯಮ ತ್ರಿಕೋನ, ಆಮೇಲೆ ಎ6ರಿಂದ ಸಿ8ರ ಪುಟ್ಟ ತ್ರಿಕೋನ. ಕುದುರೆಯೂ ರಾಜನೂ ತೂತುಗಳನ್ನು ಮುಚ್ಚುತ್ತಾರೆ. ಯಾವುದು ಮೇಲು ಎಂದು ಇಂದಿಗೂ ಚರ್ಚೆ ನಡೆಯುತ್ತದೆ. ಆದರೆ ಮೇಲಿನ ಆಟದಲ್ಲಿ ಒಂಟೆ ಬಂದು ನಿಂತ ಬಿ5ನ್ನು ಮತ್ತೊಮ್ಮೆ ನೋಡಿ. ಅದು ಎ4ರಿಂದ ಇ8ರ ಕರ್ಣದ ಮೇಲಿದೆ. ಫಿಲಿಡೋರನ ದಾರಿಯಲ್ಲಿ ಹೊರಟ ನಾವು ತಿಳಿಯದೆಯೇ ಡೆಲೆಟಾಂಗನ ಎರಡನೇ ತ್ರಿಕೋನದೊಳಗೆ ಇದ್ದೇವೆ. ಹಾಗಾಗಿ ಇವೆರಡು ಬೇರೆ ಬೇರೆ ಪದ್ಧತಿಗಳು ಎಂದು ನನಗೆ ಅನ್ನಿಸುವುದಿಲ್ಲ. ಬೋರ್ಡಿನ ರೇಖಾಗಣಿತ ಒಂದೇ, ಇಬ್ಬರು ಎರಡು ಬಾಗಿಲುಗಳಿಂದ ಒಳಗೆ ಬಂದರು.

ಇಷ್ಟೆಲ್ಲ ಬರೆದಿಟ್ಟಿದ್ದರೂ ಅದು ಬೋರ್ಡಿನ ಮುಂದೆ ಕೈಗೆ ಸಿಗುತ್ತದೆ ಎಂಬ ಖಾತ್ರಿಯಿಲ್ಲ. 2013ರಲ್ಲಿ ಜಿನೀವಾದ ಮಹಿಳಾ ಗ್ರ್ಯಾಂಡ್ ಪ್ರಿ ಟೂರ್ನಮೆಂಟಿನಲ್ಲಿ ಉಕ್ರೇನಿನ ಅನ್ನಾ ಉಶೆನಿನಾ ಒಂಟೆ ಮತ್ತು ಕುದುರೆ ಹಿಡಿದು ರಷ್ಯಾದ ಓಲ್ಗಾ ಗಿರ್ಯಾ ಎದುರು ಕೂತಿದ್ದರು. ಉಶೆನಿನಾ ಆಗ ಮಹಿಳಾ ವಿಶ್ವ ಚಾಂಪಿಯನ್. ಮೇಟ್ ಬರಲಿಲ್ಲ, ಐವತ್ತು ನಡೆಗಳ ನಿಯಮ ಬಂತು, ಡ್ರಾ. 2001ರಲ್ಲಿ ಜರ್ಮನಿಯ ಚೆಸ್ ಲೀಗ್ ಬುಂಡೆಸ್‌ಲಿಗಾದಲ್ಲಿ ವ್ಲಾದಿಮಿರ್ ಎಪಿಶಿನ್‌ಗೂ ಹೀಗೇ ಆಯಿತು. ಅವರು ವಿಶ್ವ ಚಾಂಪಿಯನ್ ಆಗಿದ್ದ ಕಾರ್ಪೊವ್‌ಗೆ ತಯಾರಿಯಲ್ಲಿ ನೆರವಾಗುತ್ತಿದ್ದ ಗ್ರ್ಯಾಂಡ್‌ಮಾಸ್ಟರ್. ಇಂಥ ಆಟಗಳನ್ನು ನೋಡಿ ನಗುವವರಿದ್ದಾರೆ, ಗ್ರ್ಯಾಂಡ್‌ಮಾಸ್ಟರಿಗೂ ಇದು ಬರುವುದಿಲ್ಲವೇ ಎಂದು. ನನಗೆ ನಗು ಬರುವುದಿಲ್ಲ. ಗಂಟೆಗಟ್ಟಲೆ ಆಡಿ ಸುಸ್ತಾದ ಮೇಲೆ, ಕ್ಲಾಕಿನಲ್ಲಿ ಸಮಯ ಸವೆದು ಪ್ರತಿ ನಡೆಗೂ ಸಿಗುವ ಕೆಲವೇ ಸೆಕೆಂಡುಗಳ ಮೇಲೆ ಬದುಕುತ್ತಿರುವಾಗ, ರಾಜನನ್ನು ಬೇಕೆಂದೇ ಹೊರಗೆ ಬಿಡುವ ಆ ಇ5ರ ನಡೆಯನ್ನು ನಂಬುವುದು ಎಷ್ಟು ಕಷ್ಟ ಎಂದು ಬ್ಲಿಟ್ಜ್ (ಕೆಲವೇ ನಿಮಿಷಗಳ ಚೆಸ್) ಆಡುವ ಯಾರಿಗೂ ಅಂದಾಜಾಗುತ್ತದೆ. ಎಂದೋ ಕಂಠಪಾಠ ಮಾಡಿದ್ದು ಆ ಹೊತ್ತಿನಲ್ಲಿ ಜೊತೆಗಿರುವುದಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. 1994ರಲ್ಲಿ ಮೊನಾಕೋದ ಆಂಬರ್ ಟೂರ್ನಮೆಂಟಿನಲ್ಲಿ ಲ್ಯುಬೋಮಿರ್ ಲ್ಯುಬೊಯೆವಿಚ್ ಇದೇ ಎಂಡ್‌ಗೇಮನ್ನು ಜೂಡಿತ್ ಪೋಲ್ಗಾರ್ ವಿರುದ್ಧ ಗೆದ್ದರು, ಬೋರ್ಡನ್ನು ನೋಡದೆ ಆಡುವ ಬ್ಲೈಂಡ್‌ಫೋಲ್ಡ್ ಆಟದಲ್ಲಿ. ಕಣ್ಣ ಮುಂದೆ ಕಾಯಿಗಳೇ ಇಲ್ಲದಾಗ ಉಳಿಯುವುದು ಏನು? ಯಾವ ಮನೆ ಯಾರದು ಅನ್ನುವ ಅರಿವು. ಆ ಆಟ ನನ್ನ ವಾದಕ್ಕೆ ಸಿಕ್ಕ ಅತಿ ಒಳ್ಳೆಯ ಸಾಕ್ಷಿ ಎಂದು ನಾನು ನಂಬಿದ್ದೇನೆ.

ಕಲಿಯುವ ಕ್ರಮದ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆಚ್ಚಿನವರು ಬೋರ್ಡಿನ ನಡುವಿನಿಂದ ಶುರು ಮಾಡಿಸುತ್ತಾರೆ. ಮೂಲೆಯಿಂದ ಹಿಂದಕ್ಕೆ ಬರುವುದು ಒಳ್ಳೆಯದು. ಕಂಪ್ಯೂಟರಿನ ಟೇಬಲ್‌ಬೇಸ್‌ಗಳೂ (ಕೆಲವೇ ಕಾಯಿಗಳಿರುವ ಸ್ಥಿತಿಗಳಿಗೆಲ್ಲ ಉತ್ತರ ಕೂಡಿಟ್ಟ ಕೋಶಗಳು) ತಯಾರಾದದ್ದು ಹಾಗೆಯೇ: ಮೊದಲು ಎಲ್ಲ ಮೇಟ್ ಸ್ಥಿತಿಗಳು, ಆಮೇಲೆ ಅವಕ್ಕೆ ಒಂದು ನಡೆ ಹಿಂದಿನವು, ಎರಡು ನಡೆ ಹಿಂದಿನವು, ಹೀಗೆ 33ರವರೆಗೆ. ಮೊದಲು ಎ8ರ ಸುತ್ತ ಮೂರು ಕಾಯಿಗಳನ್ನಿಟ್ಟು ಮೇಟ್ ಚಿತ್ರಗಳನ್ನು ಹುಡುಕಿ. ಆಮೇಲೆ ಪುಟ್ಟ ತ್ರಿಕೋನ. ಅದು ಕೈಗೆ ಹತ್ತಿದ ಮೇಲೆ ಬಿ5ರ ಒಂಟೆ, ಡಿ7ರ ಕುದುರೆ, ಇ6ರ ರಾಜ. ಕಟ್ಟಕಡೆಗೆ ಎಫ್7. ಬೋರ್ಡಿನ ನಡುವಿನಿಂದ ರಾಜನನ್ನು ಅಂಚಿಗೆ ತಳ್ಳುವುದು ಇಷ್ಟಾದ ಮೇಲೆ ತಾನಾಗಿ ಬರುತ್ತದೆ, ಅದಕ್ಕೆ ಪ್ರತ್ಯೇಕ ಪಾಠ ಬೇಕಿಲ್ಲ. ನಮ್ಮ ರಾಜ ಮುಂದೆ ನಡೆಯಬೇಕು, ಉಳಿದಿಬ್ಬರು ಅವನ ಅಕ್ಕಪಕ್ಕದಲ್ಲಿರಬೇಕು, ಅಷ್ಟೇ.

ಜೊತೆಗೆ ಕಪ್ಪು ರಾಜನ ಕಡೆಯಿಂದಲೂ ಆಡಿ. ಈ ಭಾಗವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ಗಿರ್ಯಾ ಅರ್ಧ ಪಾಯಿಂಟ್ ತೆಗೆದುಕೊಂಡು ಎದ್ದದ್ದು ಆ ಕುರ್ಚಿಯಿಂದ. ನಡುವಿನ ಮನೆಗಳನ್ನು ಸುಲಭಕ್ಕೆ ಬಿಡಬೇಡಿ. ಬಿಡಲೇಬೇಕಾದಾಗ ಒಂಟೆ ಮುಟ್ಟಲಾಗದ ಮೂಲೆಗೆ ಹೋಗಿ. ಕಾವಲಿಲ್ಲದೆ ನಿಂತ ಕುದುರೆಯ ಪಕ್ಕಕ್ಕೆ ಸರಿದು ಅದನ್ನು ಹಾರಿಸಿ, ಪ್ರತಿ ಸಲ ಹಾರಿಸಿದಾಗಲೂ ಬಿಳಿಯವರ ನಡೆಗಳು ವ್ಯರ್ಥವಾಗುತ್ತವೆ. ಕೊನೆಯ ಪಾನ್ ಬಿದ್ದ ನಡೆಯ ಎದುರು ಸ್ಕೋರ್‌ಶೀಟಿನಲ್ಲಿ ಒಂದು ಗುರುತು ಹಾಕಿಕೊಳ್ಳಿ, ಎಣಿಕೆ ಅಲ್ಲಿಂದ. 75 ನಡೆಯಾದರೆ ಆರ್ಬಿಟರ್ (ಪಂದ್ಯದ ತೀರ್ಪುಗಾರರು) ತಾವಾಗಿಯೇ ಡ್ರಾ ಕೊಡುತ್ತಾರೆ, ಆದರೆ 50ಕ್ಕೆ ನೀವೇ ಕೇಳಬೇಕು. ಐವತ್ತನೆಯದು ನಿಮ್ಮದೇ ನಡೆಯಾಗಿದ್ದರೆ ಅದನ್ನು ಮೊದಲು ಬರೆಯಿರಿ, ಕಾಯಿ ಮುಟ್ಟಬೇಡಿ, ಆರ್ಬಿಟರನ್ನು ಕರೆಯಿರಿ.